ಭಂಡಾರ ಮುಟ್ಟದ ಹುಡುಗಿ

ಶನಿವಾರ ಮುಂಜಾನೆಯ ಶಾಲೆ. ಹತ್ತನೆಯ ತರಗತಿಗೆ ಮೊದಲನೆಯ ಗಂಟೆ ನನ್ನದು. ಆ ಗಂಟೆಯಲ್ಲಿ ನಾನು ಪಠ್ಯಪುಸ್ತಕ ತೆರೆಯುತ್ತಿರಲಿಲ್ಲ; ಅನಸವ್ವ ಕೈಯಲ್ಲಿ ಬರೆದ ವಹಿಯನ್ನು ತೆರೆಯುತ್ತಿದ್ದೆ.

ಅನಸವ್ವ ನನ್ನ ಹೆಂಡತಿ. ನಮ್ಮದು ಬನಹಟ್ಟಿಯ ನೇಕಾರ ಮನೆತನ. ಅಣ್ಣಂದಿರು ಮಗ್ಗ ಹಿಡಿದರು, ನಾನು ಮಾಸ್ತರಿಕೆ ಹಿಡಿದೆ. ಅನಸವ್ವ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಹಗಲೆಲ್ಲ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವಳು, ಶ್ರಾವಣ ಬಂತೆಂದರೆ ಸಂಜೆ ಮಠಕ್ಕೆ ಪುರಾಣ ಕೇಳಲು ಹೋಗುವಳು. ಕೇಳಿದ್ದು ಮರೆತುಹೋದೀತೆಂದು ಮನೆಗೆ ಬಂದವಳೇ ಸೆರಗಿನಿಂದ ಕೈಯೊರೆಸಿಕೊಂಡು ಬರೆಯಲು ಕೂರುವಳು. ಹೀಗೆ ಇಪ್ಪತ್ತೆರಡು ಶ್ರಾವಣ ಬರೆದಳು. ಉಪನಿಷತ್ತಿನ ಕಥೆಗಳು, ಭಾರತದ ಕಥೆಗಳು, ಗುರುಶಿಷ್ಯರ ಕಥೆಗಳು. ಅಕ್ಷರ ಉರುಟು, ಸಾಲು ಮೇಲಕ್ಕೇರಿ ಹೋಗುವುದು. ಕಥೆ ಮುಗಿದ ಮೇಲೆ ಅಡಿಯಲ್ಲಿ ಒಂದು ಗೆರೆ ಎಳೆದು ತನ್ನದೂ ಒಂದು ಮಾತು ಬರೆಯುವಳು.

ನಾನು ಆಗ ಇದ್ದದ್ದು ಬೀಳಗಿ ತಾಲೂಕಿನ ಒಂದು ಪುನರ್ವಸತಿ ಕೇಂದ್ರದ ಪ್ರೌಢಶಾಲೆಯಲ್ಲಿ. ಅನಸವ್ವ ಬನಹಟ್ಟಿಯಲ್ಲೇ ಇದ್ದಳು; ನಾನು ಬೀಳಗಿಯಲ್ಲಿ ಕೋಣೆ ಹಿಡಿದು ರಜೆಗೆ ಮನೆಗೆ ಹೋಗುತ್ತಿದ್ದೆ. ಹಳೆಯ ಊರು ಕೃಷ್ಣೆಯ ದಂಡೆಗಿತ್ತು. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಊರು ದಿನ್ನೆಗೆ ಬಂದಿತು. ಅಲ್ಲಿ ಹೆಚ್ಚಿನವರು ಬೀರೇಶ್ವರನ ಒಕ್ಕಲು, ಕುರಿ ಮತ್ತು ಹೊಲ ಎರಡನ್ನೂ ನಂಬಿದವರು. ತಮ್ಮ ಮನೆಗೆ ಗೋಡೆ ಏಳುವ ಮೊದಲೇ ಬೀರೇಶ್ವರನಿಗೆ ಗುಡಿ ಕಟ್ಟಿಕೊಂಡಿದ್ದರು.

ಒಂದು ಶನಿವಾರ, ಗುರುವಿನ ಹೊಲದ ಬದು ಒಡೆದಾಗ ಮಣ್ಣು ನಿಲ್ಲದೆ ತಾನೇ ಅಡ್ಡ ಮಲಗಿ ನೀರು ತಡೆದ ಶಿಷ್ಯನ ಕಥೆ ಓದಿದೆ. ಒಬ್ಬ ಹುಡುಗ ಎದ್ದು ನಿಂತ.

"ಸರ್ರ, ಹಂಗಾರ ನಮ್ಮೂರ ಮುಳುಗುವಾಗ ಯಾರರ ಅಡ್ಡ ಮಲಗಬೇಕಿತ್ತಲ್ರೀ?"

ಹುಡುಗಿಯರ ಸಾಲಿನಿಂದ ವೈಶಾಲಿ ಹೇಳಿದಳು: "ನೀ ಮಲಗಬೇಕಿತ್ತಲ್ಲೋ. ಎಷ್ಟ ಎಬ್ಬಿಸಿದ್ರೂ ಏಳೂದಿಲ್ಲ. ನೀರ ಬ್ಯಾಸತ್ತು ಹೊಳ್ಳಿ ಹೋಗತಿತ್ತು."

ತರಗತಿಯೆಲ್ಲ ನಕ್ಕಿತು. ನಗು ಇಳಿದ ಮೇಲೆ ಅವಳೇ, "ಸರ್ರ, ಅವ್ವಾರು ಏನ್ ಬರದಾರ, ಅದನ್ನ ಓದ್ರಿ" ಎಂದಳು. ನಾನು ಓದಿದೆ: 'ಹುಡುಗ ರಾತ್ರಿಯೆಲ್ಲ ನೀರಾಗ ಇದ್ದ. ಗುರುವಿನ ಹೆಂಡತಿ ಬಿಸಿನೀರು ಕಾಸಿದಳೋ ಇಲ್ಲೋ, ಹೇಳಿಲ್ಲ.'

ವೈಶಾಲಿಯು ಗಿರಮಲ್ಲಪ್ಪನ ಮಗಳು. ಅವರಿಗೆ ನೂರೈವತ್ತು ಕುರಿ. ಹುಡುಗಿಗೆ ತಾಯಿ ಇಲ್ಲ. ಅಜ್ಜಿ ಸುಂದರವ್ವ ಸಾಕಿದಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವರ ಮನೆತನದಲ್ಲಿ ಹತ್ತನೆಯ ಇಯತ್ತೆ ಮುಟ್ಟಿದವಳು ಅವಳೊಬ್ಬಳೇ.

ಎರಡು ಸಾವಿರದ ನಾಲ್ಕನೆಯ ಇಸವಿಯ ಶ್ರಾವಣ, ಎರಡನೆಯ ಸೋಮವಾರ, ಅನಸವ್ವ ತೀರಿಕೊಂಡಳು. ಎದೆ ನೋವೆಂದಳು, ಜಮಖಂಡಿಯ ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ನನ್ನ ಭುಜಕ್ಕೆ ತಲೆಯಿಟ್ಟವಳು ಮತ್ತೆ ಎತ್ತಲಿಲ್ಲ. ಹದಿಮೂರು ದಿನ ಕಳೆದು ನಾನು ಬೀಳಗಿಯ ಬಾಡಿಗೆ ಕೋಣೆಗೆ ಮರಳಿದೆ. ಶನಿವಾರದ ಕಥೆಯನ್ನು ನಿಲ್ಲಿಸಲಿಲ್ಲ. ಆ ಒಂದು ಗಂಟೆ ಅವಳ ಅಕ್ಷರ ನನ್ನ ಕಣ್ಣ ಮುಂದೆ, ಅವಳ ಮಾತು ನನ್ನ ಬಾಯಲ್ಲಿ ಇರುತ್ತಿತ್ತು. ಉಳಿದ ದಿನಗಳನ್ನು ಆ ಗಂಟೆಗಾಗಿ ದಾಟುತ್ತಿದ್ದೆ. ಬಸ್ಸು ಹತ್ತಿದ್ದು ನೆನಪಿರುತ್ತಿರಲಿಲ್ಲ. ಉಂಡೆನೋ ಇಲ್ಲವೋ ತಿಳಿಯುತ್ತಿರಲಿಲ್ಲ. ದೇವರ ಮುಂದೆ ದೀಪ ಹಚ್ಚಿ, ಹಚ್ಚಿದ್ದು ಮರೆತು ಮತ್ತೊಂದು ಕಡ್ಡಿ ಗೀರಿದ್ದೂ ಉಂಟು.

ಕಾರ್ತೀಕ ಮುಗಿಯುವ ಹೊತ್ತಿಗೆ ಒಂದು ಗುರುವಾರ ಶಾಲೆಯ ನನ್ನ ಮೇಜಿನ ಖಾನೆ ಎಳೆದರೆ ವಹಿ ಇಲ್ಲ. ಕೋಣೆಯಲ್ಲಿ ಹುಡುಕಿದೆ, ಚೀಲ ಝಾಡಿಸಿದೆ. ಇಲ್ಲ. ಎಷ್ಟು ದಿನದಿಂದ ಇರಲಿಲ್ಲವೋ ಅದೂ ನನಗೆ ನೆನಪಾಗಲಿಲ್ಲ; ಹಿಂದಿನ ಎರಡು ಶನಿವಾರ ರಜೆಯಿತ್ತು. ಅವಳು ಎರಡನೆಯ ಸಲ ಹೋದಂತಾಯಿತು.

ಖಾನೆಗೆ ಬೀಗವಿರಲಿಲ್ಲ. ಶಾಲೆಯಲ್ಲಿ ಆ ವಹಿಯ ಮೇಲೆ ಆಸೆಯಿದ್ದವರು ನನ್ನ ಹತ್ತನೆಯ ತರಗತಿಯ ಮಕ್ಕಳೇ. ಒಯ್ದವರು ಓದಲೆಂದೇ ಒಯ್ದಿರಬಹುದು, ಕೇಳಿದರೆ ಕೊಟ್ಟಾರು ಎಂದು ಶುಕ್ರವಾರ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಆಗ ನನ್ನ ತಲೆಗೆ ಭಂಡಾರದ ಯೋಚನೆ ಬಂದಿತು.

ಬೀರೇಶ್ವರನ ಭಂಡಾರವೆಂದರೆ ಬರಿಯ ಅರಿಸಿನದ ಪುಡಿಯಲ್ಲ. ಅದನ್ನು ಮುಟ್ಟಿ ಆಣೆ ಮಾಡಿದವರು ಸುಳ್ಳಾಡುವುದಿಲ್ಲ. ಹೊಲದ ಗಡಿಯ ಜಗಳ, ಕುರಿಯ ಜಗಳ, ಕೋರ್ಟಿನಲ್ಲಿ ಬಗೆಹರಿಯದ್ದು ಗುಡಿಯ ಕಟ್ಟೆಯಲ್ಲಿ ಬಗೆಹರಿದದ್ದನ್ನು ನಾನೇ ಕಂಡಿದ್ದೆ. ಶನಿವಾರ ಬೆಳಿಗ್ಗೆ ನೇರವಾಗಿ ಗುಡಿಗೆ ಹೋಗಿ ಪೂಜಾರಿ ಮುತ್ತಣ್ಣನಲ್ಲಿ ಒಂದು ಹಿಡಿ ಭಂಡಾರ ಕೇಳಿದೆ.

"ಎದಕ್ರಿ ಸರ್ರ?"

ಹೇಳಿದೆ. ಮುತ್ತಣ್ಣ ತಟ್ಟೆ ಕೈಯಲ್ಲಿ ಹಿಡಿದೇ ನಿಂತ.

"ಸಣ್ಣ ಹುಡುಗೂರ್ರೀ ಅವು. ಇದು ತೂಕದ ವಸ್ತು. ಮುಟ್ಟಾಂವಗೂ ಭಾರ, ಮುಟ್ಟಸಾಂವಗೂ ಭಾರ."

"ಭಾರ ನಾ ಹೊರತೇನಿ, ಕೊಡಪಾ," ಎಂದೆ. ಅವನು ಕೊಟ್ಟ. ಮಾಸ್ತರನಿಗೆ ಇಲ್ಲವೆನ್ನುವುದು ಆ ಊರಿನಲ್ಲಿ ಇರಲಿಲ್ಲ.

ಅಂದು ತರಗತಿಯಲ್ಲಿ ಮೊದಲು ಕಥೆ ಹೇಳಿದೆ, ವಹಿಯಿಲ್ಲದೆ, ನೆನಪಿನಿಂದ. ಒಬ್ಬ ಹುಡುಗ ವಿದ್ಯೆ ಕಲಿಯಲು ಗುರುವಿನ ಬಳಿ ಹೋದ. ಗುರು ಅವನ ಕುಲ ಕೇಳಿದ. ಹುಡುಗ ಹೇಳಿದ, 'ನನಗೆ ಗೊತ್ತಿಲ್ಲ. ತಾಯಿಯನ್ನು ಕೇಳಿದೆ. ತಾನು ಹಲವರ ಮನೆಯಲ್ಲಿ ದುಡಿಯುತ್ತಿದ್ದೆ, ನಿನ್ನ ತಂದೆ ಯಾರೆಂದು ತನಗೂ ತಿಳಿಯದು ಎಂದಳು.' ಇಷ್ಟು ನಾಚಿಕೆಯ ಮಾತನ್ನು ಮುಚ್ಚದೆ ಆಡಿದವನಿಗಿಂತ ಉತ್ತಮ ಶಿಷ್ಯ ಇನ್ನಾರು ಎಂದು ಗುರು ಅವನನ್ನು ಒಳಗೆ ಕರೆದುಕೊಂಡ.

"ಖರೆ ಹೇಳಾಕ ಎದೆ ಬೇಕು," ಎಂದೆ ಮಕ್ಕಳಿಗೆ. "ಈಗ ನಿಮ್ಮ ಎದಿ ನೋಡೂಣು." ಹಿತ್ತಾಳೆಯ ತಟ್ಟೆಯನ್ನು ಮೇಜಿನ ಮೇಲಿಟ್ಟು ಬಟ್ಟೆ ತೆಗೆದೆ.

ಒಬ್ಬೊಬ್ಬರನ್ನೇ ಕರೆದೆ. ಬಂದವರು ಚಪ್ಪಲಿ ಬಿಟ್ಟು, ಎರಡು ಬೆರಳಿನಿಂದ ಭಂಡಾರ ಮುಟ್ಟಿ, ಹಣೆಗೆ ಹಚ್ಚಿಕೊಂಡು, "ನಾ ತಗೊಂಡಿಲ್ಲ" ಎಂದು ಹೇಳಿ ಹೋದರು. ನಲವತ್ತು ಮಕ್ಕಳು ಮುಟ್ಟಿದರು. ವೈಶಾಲಿ ಎದ್ದು ನಿಂತಳು, ಆದರೆ ಸಾಲು ಬಿಟ್ಟು ಬರಲಿಲ್ಲ. ಕೈ ಎರಡೂ ಬೆನ್ನ ಹಿಂದೆ.

"ಬಾರವಾ."

"ನಾ ಮುಟ್ಟೂದಿಲ್ರೀ ಸರ್ರ."

"ಯಾಕ?"

ಅವಳು ಪಕ್ಕದ ಹುಡುಗಿಯ ಕಡೆ ನೋಡಿದಳು. ಎಂದೂ ಮಾತಿಗೆ ತಡವರಿಸದ ಹುಡುಗಿ.

"ನಾ ವಹಿ ತಗೊಂಡಿಲ್ರೀ. ಆದ್ರ ಇದನ್ನ ಮುಟ್ಟೂದಿಲ್ಲ."

"ತಗೊಂಡಿಲ್ಲ ಅಂದ್ರ ಮುಟ್ಟಾಕ ಏನ್ ಅಡ್ಡಿ?"

ಹುಡುಗಿಯರೆಲ್ಲ ನೆಲ ನೋಡುತ್ತಿದ್ದರು. ಅವಳ ಪಕ್ಕದ ರೇಷ್ಮಾ ಅರ್ಧ ಎದ್ದು, "ಸರ್ರ, ಆಕಿ..." ಎಂದಳು.

"ನಿನ್ನ ಕೇಳಿಲ್ಲ. ಕುಂಡ್ರು," ಎಂದು ಗದರಿದೆ. ಆಮೇಲೆ ಹೇಳಬಾರದ ಮಾತನ್ನು ಹೇಳಿದೆ: "ಬಿಡು. ಮುಟ್ಟದಾಕಿ ಯಾಕ ಮುಟ್ಟೂದಿಲ್ಲ ಅಂತ ಎಲ್ಲಾರಿಗೂ ತಿಳೀತು. ವಹಿ ತಂದು ಖಾನೆದಾಗ ಇಟ್ಟು ಹೋಗು, ನಾ ಏನೂ ಅನ್ನೂದಿಲ್ಲ."

ಅವಳು ಅಳಲಿಲ್ಲ. ಚೀಲ ತೆಗೆದುಕೊಂಡು ನನ್ನ ಮುಂದೆಯೇ ನಡೆದುಹೋದಳು. ಬಾಗಿಲಲ್ಲಿ ಹುಡುಗನೊಬ್ಬ ಸಣ್ಣ ದನಿಯಲ್ಲಿ "ವಹಿಗಳ್ಳಿ" ಅಂದದ್ದು ನನಗೂ ಕೇಳಿಸಿತು. ನಾನು ಅವನನ್ನು ಗದರಲಿಲ್ಲ.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಪರೀಕ್ಷೆಯ ಅರ್ಜಿಗೆ ಮಕ್ಕಳು ಸಹಿ ಮಾಡಬೇಕಾದ ಕೊನೆಯ ದಿನ ಮುಂದಿನ ಸೋಮವಾರವಿತ್ತು. ನಲವತ್ತು ಅರ್ಜಿ ತುಂಬಿದವು. ಒಂದು ಖಾಲಿ ಉಳಿಯಿತು. ಕಳ್ಳಿಗೆ ಅಷ್ಟು ಭಯವಿರಬೇಕು ಎಂದುಕೊಂಡೆ. ದೇವರು ನನ್ನನ್ನು ಕ್ಷಮಿಸಲಿ, ಹಾಗೆಯೇ ಅಂದುಕೊಂಡೆ.

ಬುಧವಾರ ಸಂಜೆ ಬೀಳಗಿಯಲ್ಲಿ ಬಸ್ಸಿಳಿದು ನಡೆಯುತ್ತಿದ್ದೆ. ಬಸ್‌ಸ್ಟ್ಯಾಂಡಿನ ಎದುರು ಪುಸ್ತಕಗಳಿಗೆ ರಟ್ಟು ಹಾಕುವ ಒಂದು ಸಣ್ಣ ಅಂಗಡಿ. ಅದರೊಳಗಿಂದ ಮುದುಕ ಕರೆದ.

"ಏನ್ ಸರ್ರ, ನಿಮ್ಮ ವಹಿ ಒಯ್ಯೂದಿಲ್ಲೇನ್ರಿ? ಹೊಲದು ಇಟ್ಟು ಹದಿನೈದು ದಿನ ಆತು. ದಿನಾ ಮುಂದ ಹಾದು ಹೋಗ್ತೀರಿ, ಈ ಕಡೆ ನೋಡೂದ ಇಲ್ಲ."

ಕೆಂಪು ಬಟ್ಟೆಯ ಬೆನ್ನು, ಹೊಸ ದಾರದ ಹೊಲಿಗೆ. ಅನಸವ್ವನ ವಹಿ. ಹಾಳೆಗಳು ಬಿಚ್ಚಿಕೊಳ್ಳುತ್ತಿದ್ದವೆಂದು ನಾನೇ ತಂದು ಕೊಟ್ಟಿದ್ದೆನಂತೆ. 'ಹುಷಾರಾಗಿ ಹೊಲಿ' ಎಂದು ಮೂರು ಸಲ ಹೇಳಿದ್ದೆನಂತೆ. ನನಗೆ ಒಂದೂ ನೆನಪಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮುದುಕ ನೀರು ಕೊಟ್ಟ.

ಮರುದಿನ ಬೆಳಿಗ್ಗೆ ಮುಖ್ಯೋಪಾಧ್ಯಾಯ ಬಸಗೊಂಡಪ್ಪನವರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಒಳ್ಳೆಯವರು; ನನ್ನ ದುಃಖ ಬಲ್ಲವರು. ಬಾಗಿಲು ಮುಂದಕ್ಕೆಳೆದು ಮೆಲ್ಲಗೆ ಹೇಳಿದರು.

"ವಹಿ ಯಾರೋ ಖಾನೆದಾಗ ತಂದು ಇಟ್ಟಾರ ಅಂತ ಹೇಳಿ ಬಿಡ್ರಿ. ಮುಗದು ಹೋಗ್ತೈತಿ. ಮಾಸ್ತರ ತಪ್ಪಿದ ಅಂತ ಗೊತ್ತಾದ್ರ ನಾಳೆ ಹುಡುಗೂರು ಯಾರ ಮಾತ ಕೇಳ್ತಾವ್ರಿ?"

"ಹಂಗ ಹೇಳಿದ್ರ ತಂದಿಟ್ಟಾಕಿ ಆಕೀನ ಆಗ್ತಾಳಲ್ರೀ," ಎಂದೆ. ಅಲ್ಲಿಂದ ನೇರ ವೈಶಾಲಿಯ ಮನೆಯ ಕಡೆ ನಡೆದೆ.

ಗಿರಮಲ್ಲಪ್ಪನ ಮನೆಯ ಮುಂದೆ ಸುಂದರವ್ವ ಉಣ್ಣೆ ಹಿಂಜುತ್ತ ಕುಳಿತಿದ್ದಳು. ನನ್ನನ್ನು ಕಂಡು ಏಳಲಿಲ್ಲ. ಎಂದೂ ಸೆರಗು ಹೊದ್ದು ಎದ್ದು ನಿಲ್ಲುತ್ತಿದ್ದ ಮುದುಕಿ.

"ಇನ್ನೇನ ಕಳದೈತ್ರಿ? ಮನಿ ಝಡತಿ ಮಾಡ್ರಿ. ಬಾಗಲಾ ತಗದೈತಿ."

"ಏನೂ ಕಳದಿಲ್ಲವಾ. ವಹಿ ಸಿಕ್ಕಿತು. ಯಾರೂ ತಗೊಂಡಿರಲಿಲ್ಲ. ನಾನ ಹೊಲ್ಯಾಕ ಕೊಟ್ಟು ಮರತಿದ್ದೆ."

ಮುದುಕಿಯ ಕೈ ನಿಂತಿತು.

"ಆಕಿ ಯಾಕ ಮುಟ್ಟಲಿಲ್ಲ ಅಂತ ನಿಮಗ ಈಗರ ತಿಳೀತೇನ್ರಿ?"

"ಇಲ್ಲ."

"ಹೆಂಗಸರಿಲ್ಲದ ಮನಿ, ಹೆಂಗ ತಿಳೀಬೇಕು," ಎಂದಳು. ಸಿಟ್ಟು ಇನ್ನೂ ಇತ್ತು, ದನಿ ಮಾತ್ರ ತಗ್ಗಿತ್ತು. "ಹುಡುಗಿ ಅವತ್ತ ಹೊರಗಾಗಿದ್ಲು. ಎರಡನೇ ದಿನ. ಅಂಥಾದ್ರಾಗ ದೇವರ ಭಂಡಾರ ಹೆಂಗ ಮುಟ್ಟತಾಳ? ಮುಟ್ಟಿದ್ರ ದೇವರಿಗಿ ತಪ್ಪಿದ್ಹಂಗ, ಬಿಟ್ರ ನಿಮ್ಮ ಕಣ್ಣಾಗ ಕಳ್ಳಿ. ನಲವತ್ತ ಮಂದಿ ಮುಂದ, ಗಂಡಸ ಮಾಸ್ತರಗ, ಏನಂತ ಹೇಳ್ತಾಳ್ರೀ ಆ ಕೂಸು?"

ಕಟ್ಟೆಯ ಮೇಲೆ ಕುಳಿತೆ. ನಮ್ಮ ಮನೆಯಲ್ಲೂ ಇದೇ ನಡತೆ. ಅಷ್ಟು ವರ್ಷ ಆ ದಿನಗಳಲ್ಲಿ ಅನಸವ್ವ ವಹಿಯನ್ನು ಕೂಡ ಮುಟ್ಟುತ್ತಿರಲಿಲ್ಲ. ದೇವರ ಕಥೆ ಇದೆ ಎಂದು ನನ್ನ ಕೈಯಿಂದ ಎತ್ತಿಡಿಸುತ್ತಿದ್ದಳು. ನಾನೇ ಎತ್ತಿಟ್ಟವನು. ತಿಳಿಯದ ಮಾತಲ್ಲ. ಆದರೆ ಆ ತರಗತಿಯಲ್ಲಿ ನಾನು ಹುಡುಗಿಯನ್ನು ನೋಡುತ್ತಿರಲಿಲ್ಲ. ನನ್ನ ಕಳೆದ ವಹಿಯನ್ನೇ ನೋಡುತ್ತಿದ್ದೆ. ಅನಸವ್ವ ಇದ್ದಿದ್ದರೆ, ಕಿವಿಗೆ ಬಿದ್ದೊಡನೆ, 'ಅಲ್ಲೀ, ದೊಡ್ಡ ಹುಡಿಗ್ಯಾರು ಇರ್ತಾರ, ಭಂಡಾರ ಗಿಂಡಾರ ಅನ್ನಬ್ಯಾಡ್ರಿ' ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು.

"ಎಲ್ಲಿ ಆಕಿ?"

"ಅಪ್ಪನ ಕೂಡ ಹೋಗ್ಯಾಳ, ಮುಧೋಳದ ಕಡೆ. ಕುರಿ ಮುಂದ ಹೋಗಾಕತ್ತಾವು, ಯುಗಾದಿಗಿ ಹೊಳ್ಳೂದು. ಆ ಸಾಲಿಗಿ ಇನ್ನ ಕಾಲ ಇಡೂದಿಲ್ಲ ಅಂದ್ಲು. ನಾ ಏನ್ ಹೇಳ್ಲಿ?"

ಯುಗಾದಿಗೆ ಮರಳುವುದೆಂದರೆ ಪರೀಕ್ಷೆ ಮುಗಿದ ಮೇಲೆ. ನಾನು ಅಂದೇ ಮುಧೋಳದ ಬಸ್ಸು ಹತ್ತಿದೆ.

ಹಿಂಡು ಎಲ್ಲಿ ಬಿಟ್ಟಿದೆಯೆಂದು ದಾರಿಯ ಚಹಾದಂಗಡಿಗಳಲ್ಲಿ ಕೇಳುತ್ತ, ಬಸ್ಸಿಳಿದು ಎರಡು ಮೈಲಿ ನಡೆದೆ. ಕಬ್ಬು ಕಡಿದ ಒಂದು ಹೊಲದಲ್ಲಿ ಕುರಿಗಳಿದ್ದವು. ಹಗ್ಗದ ಬಲೆ ಕಟ್ಟಿದ ಗೂಟಗಳು, ಮೂರು ಕಲ್ಲಿನ ಒಲೆ, ಹೇರು ಇಳಿಸಿದ ಒಂದು ಕುದುರೆ. ಉದ್ದ ಕಾಲಿನ ನಾಯಿ ನನ್ನ ಕಡೆ ಹಾರಿ ಬಂತು. ಗಿರಮಲ್ಲಪ್ಪ ಕೂಗಿ ಅದನ್ನು ತಡೆದ.

"ಬರ್ರಿ ಸರ್ರ. ಅಂಜಬ್ಯಾಡ್ರಿ, ಅದು ಮಾಸ್ತರ್ನ ಕಂಡಿಲ್ಲ."

ಕಂಬಳಿ ಹಾಸಿದ. ನಾನು ಮಾತೆತ್ತಿದೆ. "ಮೊದಲ ಚಾ ಕುಡೀರಿ. ತಪ್ಪು ಒಪ್ಪು ಆಮ್ಯಾಲ," ಎಂದ. ವೈಶಾಲಿ ಸ್ವಲ್ಪ ದೂರದಲ್ಲಿ ನನಗೆ ಬೆನ್ನು ಮಾಡಿ ಒಂದು ಮರಿಗೆ ಹಾಲು ಕುಡಿಸುತ್ತಿದ್ದಳು. ಅವಳು ತಿರುಗಲಿಲ್ಲ. ಕುರಿಹಾಲಿನ ಗಟ್ಟಿ ಚಹಾವನ್ನು ಕುಡಿಯದೆ ಕೆಳಗಿಟ್ಟೆ.

ಹೇಳಿದೆ. ವಹಿಯ ವಿಷಯ, ಅಂಗಡಿಯ ವಿಷಯ, ನನ್ನ ಮರೆವು, ಎಲ್ಲ. ಗಿರಮಲ್ಲಪ್ಪ ಬೀಡಿ ಹಚ್ಚದೆ ಕೈಯಲ್ಲಿ ತಿರುಗಿಸುತ್ತ ಕೇಳಿದ.

"ಸರ್ರ, ಕುರಿ ಕಡಿಮಿ ಬಿದ್ರ ನಾವು ಮೊದಲ ನಮ್ಮ ಹಿಂಡ ಎರಡ ಸಲ ಎಣಸ್ತೇವ್ರಿ. ಆಮ್ಯಾಲ ಮಂದಿ ಹಿಂಡಿನ ಕಡೆ ನೋಡೂದು."

"ಖರೆ ಐತಿ," ಎಂದೆ.

ವೈಶಾಲಿ ಮುಖ ತಿರುಗಿಸದೆಯೇ ಮಾತಾಡಿದಳು.

"ನನ್ನ ಮುಂದ ಬಂದು ಹೇಳಿದ್ರ ಏನ್ ಆತ್ರೀ? ಅಂದದ್ದು ನಲವತ್ತ ಮಂದಿ ಮುಂದ."

"ನಲವತ್ತ ಮಂದಿ ಮುಂದ ಹೇಳ್ತೇನವಾ. ನಾಡದ ಶನಿವಾರ."

"ವಹಿಗಳ್ಳಿ ಅಂತಾರ ನನಗ."

"ಕಳ್ಳತನ ಆಗೇ ಇಲ್ಲ ಅಂತ ಹೇಳ್ತೇನಿ. ಮರತಾಂವ ನಾನು ಅಂತ ಹೇಳ್ತೇನಿ."

ಮರಿ ಕುಡಿಯುವುದು ಮುಗಿಸಿ ಅವಳ ಮಡಿಲಲ್ಲೇ ಮೂತಿ ಒರೆಸಿತು. ಅವಳು ತಗ್ಗಿದ ದನಿಯಲ್ಲಿ, "ಮತ್ತ ನಾ ಯಾಕ ಮುಟ್ಟಲಿಲ್ಲ ಅಂತ ಕೇಳಿದ್ರ..." ಎಂದಳು. ಕಿವಿ ಕೆಂಪಾಗಿತ್ತು.

"ಅದನ್ನ ಹೇಳೂದಿಲ್ಲ. ಯಾರ ಕೇಳಿದ್ರೂ ಹೇಳೂದಿಲ್ಲ."

ಆ ಮಾತು ಅವಳಿಗೆ ಸಾಲದೇನೋ ಎನಿಸಿತು ನನಗೆ. ನನ್ನ ಮಾತಿನ ಬೆಲೆ ಆ ಹೊಲದಲ್ಲಿ ಎಷ್ಟಿತ್ತು? ಗೂಟವೊಂದಕ್ಕೆ ಗಿರಮಲ್ಲಪ್ಪನ ಭಂಡಾರದ ಚೀಲ ತೂಗುತ್ತಿತ್ತು. ಎದ್ದು ಹೋಗಿ ಅದಕ್ಕೆ ಕೈ ಚಾಚಿದೆ. "ಇದನ್ನ ಮುಟ್ಟಿ ಹೇಳ್ತೇನಿ..."

"ಬ್ಯಾಡ್ರೀ ಸರ್ರ!"

ವೈಶಾಲಿ ಮರಿಯನ್ನು ಕೆಳಗಿಟ್ಟು ಎದ್ದು ಬಂದಿದ್ದಳು. ಮೊದಲ ಸಲ ನನ್ನ ಮುಖ ನೋಡಿದಳು.

"ಆ ಕಥ್ಯಾಗಿನ ಗುರು ಆಣಿ ಹಾಕ್ಸಿದ್ನೇನ್ರಿ? ಹುಡುಗ ಹೇಳಿದ, ಗುರು ನಂಬಿದ. ಅಷ್ಟ. ಅವತ್ತ ನಾನೂ ಹೇಳಿದ್ನೆಲ್ರೀ, ತಗೊಂಡಿಲ್ಲ ಅಂತ." ಚೀಲದ ಬಳಿಗೆ ಬಂದು ನಿಂತು, "ನಾ ನಿಮಗ ಆಣಿ ಹಾಕ್ಸೂದಿಲ್ಲ. ಹೇಳ್ತೇನಿ ಅಂದ್ರಲ್ಲ, ಹೇಳ್ತೀರಿ. ನಾ ಬರ್ತೇನಿ," ಎಂದಳು.

ನಾನು ಕೈ ಹಿಂದೆಗೆದೆ. ಇಪ್ಪತ್ತು ವರ್ಷ ಆ ಕಥೆ ಹೇಳುತ್ತ ಬಂದಿದ್ದೆ, ಶಿಷ್ಯರು ಸತ್ಯವಂತರಾಗಲಿ ಎಂದು. ಅದರಲ್ಲಿ ಗುರುವಿಗೂ ಒಂದು ಪಾಠವಿದೆಯೆಂದು ಒಮ್ಮೆಯೂ ನನ್ನ ಬುದ್ಧಿಗೆ ಬಂದಿರಲಿಲ್ಲ. ಕಣ್ಣು ತುಂಬಿ ಬಂದವು. ಗಿರಮಲ್ಲಪ್ಪ ಬೇರೆ ಕಡೆ ನೋಡುತ್ತ, "ಮಗಳ, ಸರ್ರಿಗಿ ಇನ್ನೊಂದಿಷ್ಟು ಚಾ ಹಾಕು," ಎಂದ. ಈ ಸಲ ಕುಡಿದೆ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ಶಾಲೆಗೆ ಹೋದೆ. ಬಸಗೊಂಡಪ್ಪನವರು ತಾವಾಗಿಯೇ ಬಂದು ತರಗತಿಯ ಬಾಗಿಲಲ್ಲಿ ನಿಂತರು. ಹುಡುಗಿಯರ ಸಾಲಿನಲ್ಲಿ ವೈಶಾಲಿಯ ಜಾಗ ಖಾಲಿಯಿತ್ತು. ಬರುತ್ತೇನೆ ಎಂದಿದ್ದಳು. ಬಂದಿರಲಿಲ್ಲ. ಆದರೆ ನಾನು ಹೇಳುತ್ತೇನೆ ಎಂದದ್ದು ಅವಳು ಬಂದರೆ ಎಂದಲ್ಲ. ವಹಿಯನ್ನು ಮೇಜಿನ ಮೇಲಿಟ್ಟು ಶುರು ಮಾಡಿದೆ.

"ಹುಡುಗೂರ, ವಹಿ ಕಳುವಾಗಿರಲಿಲ್ಲ. ಹೊಲ್ಯಾಕ ನಾನ ಕೊಟ್ಟಿದ್ದೆ. ಕೊಟ್ಟಿದ್ದು ಮರತೆ. ಮರತು ನಿಮ್ಮೆಲ್ಲಾರ ಮ್ಯಾಲೆ ಸಂಶೇ ಪಟ್ಟೆ. ದೇವರ ವಸ್ತು ತಂದು ನಿಮ್ಮನ್ನ ಅಂಜಿಸಿದೆ. ಅದು ಒಂದು ತಪ್ಪು. ವೈಶಾಲಿ ತಗೊಂಡಿಲ್ಲ ಅಂತ ಖರೆ ಹೇಳಿದ್ಲು. ಆಕಿನ್ನ ನಂಬದ ನಿಮ್ಮ ಮುಂದ ಕಳ್ಳಿ ಅಂದ್ಹಂಗ ಮಾತಾಡಿದೆ. ಅದು ಎಲ್ಲಾಕಿಂತ ದೊಡ್ಡ ತಪ್ಪು. ಆಕಿಗಿ ಯಾರರ ಏನರ ಅಂದಿದ್ರ, ಅದು ನನಗ ಅಂದ್ಹಂಗ ತಿಳಕೋರಿ. ಅನ್ನಿಸಿದಾಂವ ನಾನು."

ಬಾಗಿಲಲ್ಲಿ ಅಂದು 'ವಹಿಗಳ್ಳಿ' ಎಂದಿದ್ದ ಹುಡುಗ ತಲೆ ಬಗ್ಗಿಸಿದ. ಹಿಂದಿನ ಸಾಲಿನಿಂದ ಇನ್ನೊಬ್ಬ ಕೈ ಎತ್ತಿದ. "ಮತ್ತ ಆಕಿ ಭಂಡಾರ ಯಾಕ ಮುಟ್ಟಲಿಲ್ರೀ ಸರ್ರ?"

ಹುಡುಗಿಯರೆಲ್ಲ ಒಮ್ಮೆಗೇ ನನ್ನ ಕಡೆ ನೋಡಿದರು. ಅವರ ಕಣ್ಣುಗಳಲ್ಲಿದ್ದ ಅಂಜಿಕೆಯನ್ನು ಅಂದು ಕಂಡೆ. ಹಿಂದಿನ ಶನಿವಾರವೂ ಅದು ಅಲ್ಲಿಯೇ ಇದ್ದಿರಬೇಕು.

"ಅದನ್ನ ಕೇಳೂ ಹಕ್ಕು ನನಗಿಲ್ಲ, ತಮ್ಮಾ. ನಿನಗೂ ಇಲ್ಲ. ತಗೊಂಡಿಲ್ಲ ಅಂದ್ಲು, ಅಷ್ಟ ಸಾಕಿತ್ತು."

"ಹಂಗಾರ ಇನ್ನ ಮ್ಯಾಲೆ ಯಾರಿಗೂ ಆಣಿ ಹಾಕ್ಸೂದಿಲ್ಲೇನ್ರಿ?" ರೇಷ್ಮಾ ಕೇಳಿದಳು.

"ಹಾಕ್ಸೂದಿಲ್ಲ."

"ಮನಿ ಅಭ್ಯಾಸ ಮಾಡೇವ್ರಿ ಅಂದ್ರ?"

"ಅದನ್ನ ವಹಿ ತಗದು ನೋಡ್ತೇನಿ."

ಮಕ್ಕಳು ನಕ್ಕರು. ಆ ನಗುವಿನ ನಡುವೆ, ಬಸಗೊಂಡಪ್ಪನವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಅವರ ಹಿಂದೆ ವೈಶಾಲಿ ನಿಂತಿದ್ದಳು, ಕಾಲಿಗೆಲ್ಲ ಕೆಂಪು ಧೂಳು. ಮುಧೋಳದ ಮೊದಲ ಬಸ್ಸು ತಪ್ಪಿತ್ತಂತೆ. ಎರಡನೆಯದರಲ್ಲಿ ಬಂದು ಹಾದಿಯಿಂದ ಓಡಿದ್ದಳು. ಎಷ್ಟು ಕೇಳಿದಳೋ ನನಗೆ ಗೊತ್ತಿಲ್ಲ. "ಒಳಗ ಬರಲೇನ್ರಿ?" ಎಂದಳು. "ಬಾರವಾ," ಎಂದೆ. ರೇಷ್ಮಾ ಸರಿದು ಜಾಗ ಕೊಟ್ಟಳು. ಅಂದೇ ಮಧ್ಯಾಹ್ನ ಅರ್ಜಿಗೆ ಸಹಿಯಾಯಿತು. ಹಾಜರಿ ತಪ್ಪಿದ ದಿನಗಳಿಗೆ ಕಾರಣ ಬರೆಯುವಲ್ಲಿ 'ಶಿಕ್ಷಕರ ತಪ್ಪಿನಿಂದ' ಎಂದು ನಾನು ಬರೆದೆ. ಬಸಗೊಂಡಪ್ಪನವರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಕೆಳಗೆ ತಮ್ಮ ಸಹಿ ಮಾಡಿದರು.

ಭಂಡಾರದ ತಟ್ಟೆಯನ್ನು ಗುಡಿಗೆ ಮರಳಿಸಿದಾಗ ಮುತ್ತಣ್ಣ ನನ್ನ ಹಣೆಗೆ ಒಂದಿಷ್ಟು ಹಚ್ಚಿ ಕಳಿಸಿದ.

ಪರೀಕ್ಷೆಗೆ ಮೊದಲಿನ ಕೊನೆಯ ಶನಿವಾರ, ಯಾವ ಕಥೆ ಬೇಕೆಂದು ಮಕ್ಕಳನ್ನೇ ಕೇಳಿದೆ. ಕುಲ ಗೊತ್ತಿಲ್ಲದ ಹುಡುಗನ ಕಥೆ ಎಂದರು. ವಹಿಯಿಂದಲೇ ಓದಿದೆ. ಅಡಿಯಲ್ಲಿ ಅನಸವ್ವ ಗೆರೆ ಎಳೆದಿದ್ದಳು. ಅದರ ಕೆಳಗೆ ಏನೂ ಬರೆದಿರಲಿಲ್ಲ. ನಿದ್ದೆ ಬಂದಿತ್ತೋ, ಆಮೇಲೆ ಬರೆದರಾಯಿತು ಎಂದುಕೊಂಡಳೋ.

"ಸರ್ರ," ವೈಶಾಲಿ ಎದ್ದಳು. "ಆ ಗುರು ಒಮ್ಮೆರ ತಪ್ಪಿದ್ನೇನ್ರಿ?"

"ಕಥ್ಯಾಗ ಹೇಳಿಲ್ಲವಾ."

"ಹೇಳಿದ್ರ ಛಲೋ ಇತ್ತಲ್ರೀ."

"ಯಾಕ?"

"ಮತ್ತ, ನೀವು ನಮ್ಮ ಹಿಂಡಿಗಿ ಬಂದಾಗ ನಾಯಿಗಿ ಅಂಜಿದ್ದಕ್ಕಿಂತ ನನಗ ಹೆಚ್ಚ ಅಂಜಿದ್ರಿ. ದೊಡ್ಡವರೂ ತಪ್ಪತಾರ, ತಪ್ಪಿದ ಮ್ಯಾಲೆ ಹೆಂಗ ಮಾಡಬೇಕು ಅಂತ ಅದ್ರಾಗ ಇದ್ದಿದ್ರ, ಅಷ್ಟ ಅಂಜತಿರ್ಲಿಲ್ರಿ."

ತರಗತಿ ನಗಲೋ ಬೇಡವೋ ಎಂದು ನನ್ನ ಮುಖ ನೋಡಿತು. ನಾನೇ ಮೊದಲು ನಕ್ಕೆ. ಶ್ರಾವಣದಿಂದ ಈಚೆಗೆ ಬಾಯಿ ತೆರೆದು ನಕ್ಕದ್ದು ಅದೇ ಮೊದಲು.